ಹಳದಿ ಚೀಟಿಯ ಕ್ಯಾಮೆರಾ

ಮುರುಗೆಪ್ಪನ ಅಂಗಿಯ ಜೇಬಿನಲ್ಲಿ ಯಾವಾಗಲೂ ಮೂರು ಬಣ್ಣದ ಚೀಟಿಗಳಿರುತ್ತಿದ್ದವು. ಹಸಿರು, ಹಳದಿ, ಕೆಂಪು. ಪ್ರತಿ ಚೀಟಿಯ ತಲೆಯಲ್ಲಿ ಒಂದು ತೂತು, ತೂತಿನಲ್ಲಿ ಒಂದು ಬಿಳಿ ದಾರ. ನೀರಿನ ಮೀಟರಿಗೆ ಜೋಡಿಸುವ ಹಿತ್ತಾಳೆಯ ನಟ್ಟುಗಳನ್ನು ತಯಾರಿಸುವ ರಬಾಳೆಯ ಒಂದು ಕಾರ್ಖಾನೆಯಲ್ಲಿ ಅವನು ಇಪ್ಪತ್ತಾರು ವರ್ಷಗಳಿಂದ ಕೊನೆಯ ತಪಾಸಣೆಯ ಮೇಜಿನ ಹಿಂದೆ ಕೂತಿದ್ದ. ಒಳ್ಳೆಯ ಮಾಲಿಗೆ ಹಸಿರು ಚೀಟಿ, ಕೆಟ್ಟದ್ದಕ್ಕೆ ಕೆಂಪು, ಇನ್ನೂ ತೀರ್ಮಾನವಾಗದ್ದಕ್ಕೆ ಹಳದಿ. ಚೀಟಿಯ ಮೇಲೆ ಅವನ ಸಹಿ ಬೀಳದೆ ಒಂದು ಪೆಟ್ಟಿಗೆಯೂ ಗೇಟು ದಾಟುತ್ತಿರಲಿಲ್ಲ.

ಈ ಅಭ್ಯಾಸ ಅವನ ಜೊತೆ ಮನೆಗೂ ಬಂದಿತ್ತು. ಡೊಂಬಿವಲಿ ಪೂರ್ವದಲ್ಲಿರುವ ಅವರ ಮೂರನೇ ಮಹಡಿಯ ಮನೆಯಲ್ಲಿ ಕುಕ್ಕರಿನ ಹಿಡಿಗೆ, ಗೋಡೆ ಗಡಿಯಾರಕ್ಕೆ, ಒಮ್ಮೆ ನೀರಿನ ಫಿಲ್ಟರಿಗೆ ಚೀಟಿ ತೂಗಿದ್ದುಂಟು. ಮಗಳು ಐಶ್ವರ್ಯಾಳನ್ನು ನೋಡಲು ಕಲ್ಯಾಣದಿಂದ ಹುಡುಗನ ಕಡೆಯವರು ಬಂದು, ಚಹಾ ಕುಡಿದು ಎದ್ದು ಹೋದ ಮೇಲೆ, ಹೆಂಡತಿ ಕಾಶವ್ವ ಯಾವ ಚೀಟಿ ಎಂದು ಕೇಳಿದ್ದಳು. ಅವಳು ಕೇಳಿದ್ದು ತಮಾಷೆಗೆ. ಮುರುಗೆಪ್ಪ ಬಹಳ ಹೊತ್ತು ಯೋಚಿಸಿ ಹಳದಿ ಎಂದಿದ್ದ. ಮದುವೆಯಾಗಿ ನಾಲ್ಕು ವರ್ಷ ಕಳೆದ ಮೇಲೂ ಅಳಿಯ ಬಂದುಹೋದಾಗಲೆಲ್ಲ ಕಾಶವ್ವ, ಇನ್ನಾದರೂ ಹಸಿರು ಕಟ್ಟಬಾರದೇ ಎಂದು ಕಾಡುತ್ತಿದ್ದಳು.

ಅವನಿಗೆ ಒಂದು ನಿಯಮವಿತ್ತು. ಯಾವ ವಸ್ತುವನ್ನೂ ಒಬ್ಬನೇ ನೋಡಿ ಒಪ್ಪಬಾರದು. ಒಬ್ಬ ಅಳೆದದ್ದನ್ನು ಇನ್ನೊಬ್ಬ ಅಳೆಯಬೇಕು, ಆದರೆ ಮೊದಲನೆಯವನ ಲೆಕ್ಕ ಎರಡನೆಯವನಿಗೆ ಕಾಣಬಾರದು. ಇದಕ್ಕೆ ಅವನು ಎರಡನೇ ಓದು ಎಂದು ಹೆಸರಿಟ್ಟಿದ್ದ. ಮೇಜಿಗೆ ಹೊಸದಾಗಿ ಬಂದವರಿಗೆಲ್ಲ ಮೊದಲು ಕಲಿಸುತ್ತಿದ್ದುದು ಇದನ್ನೇ. ಹನ್ನೊಂದು ವರ್ಷಗಳ ಹಿಂದೆ ಉಡುಪಿಯ ಕಡೆಯ ವನಮಾಲಾ ಪಕ್ಕದ ಮೇಜಿಗೆ ಬಂದಾಗಲೂ ಅವನು ನಟ್ಟಿನ ಅಳತೆಯನ್ನು ಅಂಗೈಯಿಂದ ಮುಚ್ಚಿಕೊಂಡು, ನೀವು ನೋಡಿ ಹೇಳಿ ಎಂದಿದ್ದ. ಅವನು ಒಪ್ಪಿದ ಮಾಲನ್ನು ಮಾತ್ರ ಯಾರೂ ಎರಡನೇ ಸಲ ಓದುತ್ತಿರಲಿಲ್ಲ. ವರ್ಷಗಳು ಕಳೆದಂತೆ ಅದರ ಅಗತ್ಯವಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ಅವನಿಗೂ ಅನ್ನಿಸಲಿಲ್ಲ.

ಎರಡು ಸಾವಿರದ ಹನ್ನೆರಡರ ನವೆಂಬರಿನಲ್ಲಿ ನಾಸಿಕದಿಂದ ಒಂದು ಪೆಟ್ಟಿಗೆ ವಾಪಸು ಬಂತು. ನಟ್ಟುಗಳ ಒಳಗಿನ ತಿರುಪಿನ ಸುತ್ತಿನಲ್ಲಿ ಕೂದಲೆಳೆಯಂಥ ಬಿರುಕು. ಒಟ್ಟಿಗೆ ತಯಾರಾದ ಪ್ರತಿ ಲಾಟಿನಿಂದ ಐದು ನಟ್ಟುಗಳನ್ನು ನಮೂನೆಯೆಂದು ಡ್ರಾಯರಿನಲ್ಲಿ ಎತ್ತಿಡುವ ಪದ್ಧತಿಯಿತ್ತು. ಮುರುಗೆಪ್ಪ ಆ ಐದನ್ನೂ ದೀಪದ ಕೆಳಗೆ ಹಿಡಿದು, ಬಲಗಣ್ಣಿಗೆ ಐಗ್ಲಾಸ್ ಸಿಕ್ಕಿಸಿಕೊಂಡು ನೋಡಿದ. ಗಡಿಯಾರ ರಿಪೇರಿಯವರು ಕಣ್ಣಿಗೆ ಕಚ್ಚಿಕೊಳ್ಳುವಂಥದೇ ಸಣ್ಣ ಭೂತಗನ್ನಡಿ ಅದು. ಬಿರುಕು ಕಾಣಲಿಲ್ಲ. ಪೆಟ್ಟಿಗೆಯೊಳಗೆ ಮೆತ್ತೆ ಸಾಲದೆ ನಟ್ಟುಗಳು ದಾರಿಯಲ್ಲಿ ಒಂದಕ್ಕೊಂದು ಬಡಿದು ಬಿರಿದಿವೆ ಎಂದು ಅವನು ವರದಿ ಬರೆದ. ಪ್ಯಾಕಿಂಗ್ ವಿಭಾಗದ ಮುಖ್ಯಸ್ಥ ಶಂಕ್ರೆಪ್ಪನಿಗೆ ಮೆಮೊ ಹೋಯಿತು. ವಾರದೊಳಗೆ ಅವನನ್ನು ಲಾರಿಗೆ ಮಾಲು ಹತ್ತಿಸುವ ಕೆಲಸಕ್ಕೆ ಹಾಕಿದರು.

ಮುರುಗೆಪ್ಪ ಮತ್ತು ಶಂಕ್ರೆಪ್ಪ ಬಾಗಲಕೋಟೆಯ ಕಡೆಯ ಅಕ್ಕಪಕ್ಕದ ಊರಿನವರು. ಹತ್ತೊಂಬತ್ತು ವರ್ಷಗಳಿಂದ ಇಬ್ಬರೂ ಠಾಣೆ ಸ್ಟೇಶನ್ನಿನಲ್ಲಿ ವಾಶಿಯ ರೈಲುಗಾಡಿ ಹಿಡಿದು, ಒಂದೇ ಡಬ್ಬಿಯಲ್ಲಿ, ಎದುರುಬದುರು ಕೂತು ರಬಾಳೆಗೆ ಹೋಗುತ್ತಿದ್ದರು. ಮೆಮೊ ಬಂದ ಮರುದಿನದಿಂದ ಶಂಕ್ರೆಪ್ಪ ಪಕ್ಕದ ಡಬ್ಬಿ ಹತ್ತತೊಡಗಿದ. ಬೈಯಲಿಲ್ಲ, ಕೇಳಲಿಲ್ಲ. ಗಾಡಿ ಬಂದಾಗ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತಿದ್ದ, ಅಷ್ಟೇ. ಮುರುಗೆಪ್ಪ ಎದುರಿನ ಖಾಲಿ ಜಾಗವನ್ನು ನೋಡುತ್ತ, ವರದಿ ಸರಿಯಾಗಿಯೇ ಇದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಕ್ಯಾಮೆರಾ ಅವನ ಕೈಗೆ ಬಂದದ್ದು ಆ ಡಿಸೆಂಬರಿನಲ್ಲಿ. ಠಾಣೆಯ ಮಾಜಿವಾಡಾದಲ್ಲಿ ಮನೀಷನ ಫೋಟೊ ಸ್ಟುಡಿಯೊ ಇತ್ತು. ಐಶ್ವರ್ಯಾಳ ಮದುವೆಯ ಫೋಟೊ ತೆಗೆದವನೂ ಅವನೇ. ಆಲ್ಬಮ್ಮಿನ ಹೊಲಿಗೆ ಬಿಚ್ಚಿದೆಯೆಂದು ಸರಿಮಾಡಿಸಲು ಮುರುಗೆಪ್ಪ ಹೋದಾಗ ಮನೀಷ ಕಪಾಟು ಖಾಲಿ ಮಾಡುತ್ತಿದ್ದ. ಎರಡು ಸಾವಿರದ ನಾಲ್ಕರ ಒಂದು ಡಿಜಿಟಲ್ ಕ್ಯಾಮೆರಾವನ್ನು ಎತ್ತಿ ಮೇಜಿನ ಮೇಲಿಟ್ಟ. ಆರು ಮೆಗಾಪಿಕ್ಸೆಲ್. ಹಿಡಿಯುವಲ್ಲಿ ರಬ್ಬರು ಸವೆದು ನುಣ್ಣಗಾಗಿತ್ತು. ಇದೇ ಕ್ಯಾಮೆರಾದಲ್ಲಿ ನಿಮ್ಮ ಮಗಳ ಧಾರೆ ತೆಗೆದದ್ದು ಎಂದ. ಈಗ ಅದನ್ನು ಒಂದು ಶಾಲೆಯ ಪಕ್ಷಿವೀಕ್ಷಣೆಯ ಮಕ್ಕಳಿಗೆ ಕೊಟ್ಟುಬಿಡುವ ಯೋಚನೆ ಅವನದು.

"ಅಂಕಲ್, ಇದಕ್ಕೆ ಮಂಟಪ ಬಿಟ್ರೆ ಬೇರೆ ಲೋಕವೇ ಗೊತ್ತಿಲ್ಲ ಮಾರಾಯ್ರೆ," ಎಂದ ಮನೀಷ. "ಎಂಟು ವರ್ಷ ಬರೀ ಹಾಲ್, ಬರೀ ಲೈಟ್. ಗುಡ್ಡ, ಹಕ್ಕಿ ಎಲ್ಲ ಹೊರಗೆ ಹೋದ್ರೆ ಹೇಗೆ ಬರ್ತದೆ ಅಂತ ನಂಗೂ ಗೊತ್ತಿಲ್ಲ. ನೀವು ಚೆಕ್ ಮಾಡಿ ಚೀಟಿ ಕಟ್ಟಿ ಕೊಡಿ. ಮಕ್ಕಳಿಗೆ ಹಾಳಾದ್ದು ಕೊಟ್ಟ ಅಂತ ಆಗ್ಬಾರ್ದು."

ದೂರದ್ದನ್ನು ಹತ್ತಿರ ತರುವ ಒಂದು ಉದ್ದನೆಯ ಲೆನ್ಸು, ಎರಡು ಬ್ಯಾಟರಿ, ಒಂದು ಜಿಬಿಯ ಕಾರ್ಡು, ಎಲ್ಲವನ್ನೂ ಕೈಚೀಲದಲ್ಲಿ ಹಾಕಿಕೊಂಡು ಮುರುಗೆಪ್ಪ ಮನೆಗೆ ಬಂದ. ರಾಗದ್ವೇಷವಿಲ್ಲದ ಒಂದು ಕೆಲಸ ಸಿಕ್ಕಿತೆಂದು ಅವನಿಗೆ ಒಳಗೊಳಗೇ ಸಮಾಧಾನವಾಗಿತ್ತು. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಗೆರೆ ಎಳೆದ: ದಿನ, ಜಾಗ, ಬೆಳಕು, ದೂರ, ಫಲಿತಾಂಶ. ಮೊದಲ ಪುಟಕ್ಕೆ ಹಳದಿ ಚೀಟಿ ಅಂಟಿಸಿ, ಇನ್ನೊಂದನ್ನು ಕ್ಯಾಮೆರಾದ ಪಟ್ಟಿಗೆ ಕಟ್ಟಿದ.

ಒಂದು ವಾರ ಅಡುಗೆಮನೆಯ ಕಿಟಕಿಯಿಂದ ಎದುರು ಕಟ್ಟಡದ ಪಾರಿವಾಳಗಳನ್ನು ತೆಗೆದು ಕೈ ಪಳಗಿಸಿಕೊಂಡ. ಕ್ಯಾಮೆರಾಕ್ಕೆ ಅದರದೇ ನಡಿಗೆಯಿತ್ತು. ನಾಲ್ಕೈದು ಚಿತ್ರ ಬಿಡದೆ ತೆಗೆದರೆ ನಿಂತುಬಿಡುತ್ತಿತ್ತು. ಹಿಂಬದಿಯ ಕೆಂಪು ದೀಪ ಮಿನುಗುತ್ತ, ತೆಗೆದದ್ದನ್ನು ಕಾರ್ಡಿಗೆ ಬರೆದುಕೊಳ್ಳುವವರೆಗೆ ಏನು ಒತ್ತಿದರೂ ಮಾತಾಡುತ್ತಿರಲಿಲ್ಲ. ಬೆಂಕಿಪೊಟ್ಟಣದಷ್ಟು ಸ್ಕ್ರೀನಿನಲ್ಲಿ ಬಂದ ಚಿತ್ರ ಹೇಗಿದೆಯೆಂದು ಹೇಳುವುದೇ ಕಷ್ಟ. ಬೆಳಕು ಕಡಿಮೆಯಾದರೆ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಣುತ್ತಿತ್ತು. ಮುರುಗೆಪ್ಪ ಇವನ್ನೆಲ್ಲ ಬರೆದುಕೊಂಡ. ಆದರೆ ದೋಷ ಎನ್ನುವ ಶಬ್ದ ಬಳಸಲಿಲ್ಲ. ಸ್ವಭಾವ ಎಂದು ಬರೆದ.

ಹೊರಗಿನ ಮೊದಲ ಪರೀಕ್ಷೆ ಮಲಂಗಗಡದ್ದು. ಜನವರಿಯ ಮೊದಲ ಭಾನುವಾರ ಗಂಡಹೆಂಡತಿ ಇಬ್ಬರೂ ಕಲ್ಯಾಣದಿಂದ ಬಸ್ಸು ಹಿಡಿದರು. ಗುಡ್ಡ ಇನ್ನೂ ದೂರವಿರುವಾಗಲೇ, ಹೊಲದ ಬದಿಯಲ್ಲಿ ಇಳಿದು ಒಂದು ಮಾವಿನ ಮರದ ಕೆಳಗೆ ಕೂತರು. ಕಾಶವ್ವ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದಳು. ಮುರುಗೆಪ್ಪ ಅದೇ ಗುಡ್ಡವನ್ನು ಎಂಟು ಗಂಟೆಗೆ, ಹತ್ತಕ್ಕೆ, ಹನ್ನೆರಡಕ್ಕೆ ಅದೇ ಜಾಗದಲ್ಲಿ ನಿಂತು ತೆಗೆದ. ಎಂಟಕ್ಕೆ ಗುಡ್ಡ ನೀಲಿ ಕಾಗದ ಕತ್ತರಿಸಿ ಅಂಟಿಸಿದಂತಿತ್ತು. ಹತ್ತಕ್ಕೆ ಅದರ ಪಕ್ಕೆಲುಬುಗಳು ಎದ್ದವು. ಹನ್ನೆರಡಕ್ಕೆ ಬಿಸಿಲು ಎಲ್ಲವನ್ನೂ ಚಪ್ಪಟೆ ಮಾಡಿತು. ಆ ಹೊತ್ತಿಗೆ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಗುಡ್ಡದ ನಡುವಿನ ಬಂಡೆಯ ಕೊಂಬು ಮಾತ್ರ ಒಂದಿಷ್ಟು ಮಸುಕಾಗಿತ್ತು. ಚಳಿಗಾಲದ ಧೂಳು ಎಂದುಕೊಂಡ. ಮೂರು ಚಿತ್ರಗಳಿಗೆ ನಾಲ್ಕು ಗಂಟೆ ಕಾದದ್ದಕ್ಕೆ ಕಾಶವ್ವ, ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ, ಊಟ ಮಾಡಿ ಎಂದಳು.

ಮಗಳು ಬಿಟ್ಟುಹೋದ ಹಳೆಯ ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಹಾಕಿದಾಗ ಮುರುಗೆಪ್ಪನಿಗೆ ಆಶ್ಚರ್ಯವಾಯಿತು. ಹನ್ನೆರಡು ಗಂಟೆಯ ಚಿತ್ರದಲ್ಲೂ ನಡುವಿನ ಕೊಂಬು ಸ್ವಚ್ಛವಾಗಿತ್ತು. ಬಂಡೆಯ ಸೀಳಿನಲ್ಲಿ ಬೆಳೆದ ಒಂದು ಗಿಡ ಕೂಡ ಕಾಣುತ್ತಿತ್ತು.

ಎರಡನೇ ಪರೀಕ್ಷೆ ಹಕ್ಕಿಗಳದ್ದು. ಡೊಂಬಿವಲಿಯಿಂದ ಶೀಳ್ ರಸ್ತೆಯ ಕಡೆ ರಿಕ್ಷಾದಲ್ಲಿ ಹೋದರೆ ನೀಳಜೆಯ ಕೆರೆ. ಕೆರೆಯ ಆಚೆ ಹೊಸ ಕಟ್ಟಡಗಳು ಸಾಲಾಗಿ ಏಳುತ್ತಿದ್ದವು. ಈಚೆ, ಜೊಂಡಿನ ನಡುವೆ, ಕೊಳದ ಬಕವೊಂದು ಕತ್ತು ಎಳೆದುಕೊಂಡು ಕೂತಿತ್ತು. ಮುರುಗೆಪ್ಪ ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ, ಉದ್ದನೆಯ ಲೆನ್ಸು ಹಿಡಿದು, ಬಲಗಣ್ಣನ್ನು ಕಿಂಡಿಗಿಟ್ಟ. ಸುತ್ತಲಿನ ಜೊಂಡು ಎಳೆಎಳೆಯಾಗಿ ಕಂಡಿತು. ನಡುವಿನಲ್ಲಿ, ಹಕ್ಕಿಯ ತಲೆ ಇರಬೇಕಾದಲ್ಲಿ, ಎಣ್ಣೆ ಕೈಯಿಂದ ಮುಟ್ಟಿದ ಗಾಜಿನಂತೆ ಒಂದು ಮಬ್ಬು.

ಕಿಂಡಿಯ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದ. ಊದಿದ. ಲೆನ್ಸು ಬಿಚ್ಚಿ ನೋಡಿ ಮತ್ತೆ ಹಾಕಿದ. ಬಿಸಿಲು ಏರಿದಂತೆ ಮಬ್ಬೂ ಏರಿತು. ನೆರಳಿಗೆ ತಿರುಗಿಸಿದರೆ ಕಡಿಮೆಯಾಯಿತು. ಇದು ವಿಚಿತ್ರವಾಗಿತ್ತು. ಈ ಕ್ಯಾಮೆರಾ ಬೆಳಕು ಬೇಡುವ ಕ್ಯಾಮೆರಾ. ಬೆಳಕು ಹೆಚ್ಚಿದಷ್ಟೂ ಚಿತ್ರ ಚೆನ್ನಾಗುತ್ತದೆ, ಕಿಂಡಿ ಮಾತ್ರ ಕೆಡುತ್ತದೆ. ಅಂಥ ದೋಷವನ್ನು ಅವನು ಯಾವ ಯಂತ್ರದಲ್ಲೂ ಕಂಡಿರಲಿಲ್ಲ.

ನಿಯಮದ ಪ್ರಕಾರ ಎರಡನೇ ಓದು ಬೇಕಿತ್ತು. ಏನನ್ನೂ ಹೇಳದೆ ಕ್ಯಾಮೆರಾವನ್ನು ಜೊತೆಗೆ ಬಂದಿದ್ದ ಕಾಶವ್ವನ ಕೈಗೆ ಕೊಟ್ಟು, ಏನು ಕಾಣುತ್ತದೆ ಹೇಳು ಎಂದ. ಅವಳು ಸೆರಗು ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು, ಬಹಳ ಹೊತ್ತು ನೋಡಿದಳು.

"ಛಲೋ ಕಾಣಸ್ತೈತಲ್ರೀ," ಎಂದಳು. "ಕಣ್ಣು ಹಳದಿ ಐತಿ, ಕೊಕ್ಕಿನ ತುದಿ ಕರ್ರಗೈತಿ. ನಿಮ್ಮಂಗ ಸುಮ್ನ ಕೂತೈತಿ, ಯಾವ ಮೀನಿಗೆ ಯಾವ ಚೀಟಿ ಕಟ್ಟಬೇಕಂತ."

ಮುರುಗೆಪ್ಪ ನಗಲಿಲ್ಲ. ಪುಸ್ತಕದಲ್ಲಿ ಬರೆದ: ಮೊದಲ ಓದು, ಕಿಂಡಿಯ ನಡುವೆ ಮಬ್ಬು. ಎರಡನೇ ಓದು, ಸ್ವಚ್ಛ. ಅದರ ಮುಂದೆ ಸ್ವಲ್ಪ ಯೋಚಿಸಿ, ಓದಿದವರಿಗೆ ತರಬೇತಿ ಇಲ್ಲ, ಎಂದು ಸೇರಿಸಿದ. ಕಾಶವ್ವ ಅದನ್ನು ಅವನ ಭುಜದ ಮೇಲಿಂದ ಓದಿದಳು. ಮನೆಗೆ ಬರುವವರೆಗೆ ಆ ವಿಷಯ ಎತ್ತಲಿಲ್ಲ. ಮನೆಗೆ ಬಂದು ಪಲ್ಯಕ್ಕೆ ಉಪ್ಪು ಸರಿಯಾಗಿದೆಯೇ ಎಂದು ಅವನು ಕೇಳಿದಾಗ, ತನಗೆ ತರಬೇತಿ ಇಲ್ಲವೆಂದು ಉತ್ತರಿಸಿದಳು.

ಆ ಸಂಜೆ ಕಂಪ್ಯೂಟರಿನಲ್ಲಿ ಬಕದ ಚಿತ್ರ ತೆರೆದಾಗ ಅದರ ಕಣ್ಣು ಹಳದಿಯಾಗಿಯೇ ಇತ್ತು, ಕೊಕ್ಕಿನ ತುದಿ ಕಪ್ಪಗೇ ಇತ್ತು. ಮುರುಗೆಪ್ಪ ಮನೀಷನಿಗೆ ಫೋನು ಮಾಡಿದ. ಕಿಂಡಿಯ ಪಕ್ಕದಲ್ಲಿ ಸಾಸಿವೆಕಾಳಿನಂಥ ಹಲ್ಲುಗಳಿರುವ ಒಂದು ಪುಟ್ಟ ಚಕ್ರವಿದೆ, ನಿಮ್ಮ ಕಣ್ಣಿನ ನಂಬರಿಗೆ ತಕ್ಕಂತೆ ತಿರುಗಿಸಿ ನೋಡಿ ಎಂದು ಮನೀಷ ಹೇಳಿದ. ಮುರುಗೆಪ್ಪ ಮರುದಿನ ಬೆಳಗಿನ ಬಿಸಿಲಿನಲ್ಲಿ ಆ ಚಕ್ರವನ್ನು ಈ ಕೊನೆಯಿಂದ ಆ ಕೊನೆಯವರೆಗೆ ತಿರುಗಿಸಿದ. ಕಿಂಡಿಯ ಅಂಚಿನ ಗೆರೆಗಳು ಮಸುಕಾದವು, ಸ್ಪಷ್ಟವಾದವು, ಮತ್ತೆ ಮಸುಕಾದವು. ನಡುವಿನ ಮಬ್ಬು ಅಲ್ಲಾಡಲಿಲ್ಲ. ಕ್ಯಾಮೆರಾಕ್ಕೆ ಕೆಂಪು ಚೀಟಿಯೇ ಸರಿ ಎಂದು ತೀರ್ಮಾನಿಸಿ ಪೆನ್ನು ತೆಗೆದ. ಚೀಟಿಯಲ್ಲಿ ಕಾರಣ ಎಂಬ ಖಾನೆಯ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಮತ್ತೆ ಜೇಬಿಗಿಟ್ಟ.

ಶುಕ್ರವಾರ ಕಾರ್ಖಾನೆಯಲ್ಲಿ ಅವನ ಐಗ್ಲಾಸ್ ಮತ್ತೆ ಕೈಕೊಟ್ಟಿತು. ಗಾಜಿಗೆ ಗೀರು ಬಿದ್ದಿದೆಯೆಂದು ಆಗಸ್ಟಿನಲ್ಲಿ ಒಂದಕ್ಕೆ ಕೆಂಪು ಚೀಟಿ ಕಟ್ಟಿ ಸ್ಟೋರಿಗೆ ಕಳಿಸಿದ್ದ. ಅಕ್ಟೋಬರಿನಲ್ಲಿ ಇನ್ನೊಂದಕ್ಕೆ. ಇದು ಮೂರನೆಯದು. ದೀಪ ಹತ್ತಿರ ಎಳೆದುಕೊಂಡರೆ ಮಸುಕು, ದೂರ ತಳ್ಳಿದರೆ ಕತ್ತಲೆ. ಸ್ಟೋರಿನವನು ಊಟಕ್ಕೆ ಹೋಗಿದ್ದ. ಸ್ವಲ್ಪ ಹೊತ್ತಿಗೆ ನಿಮ್ಮದನ್ನು ಕೊಡಿ ಎಂದು ಮುರುಗೆಪ್ಪ ವನಮಾಲಾಳನ್ನು ಕೇಳಿದ. ಅವಳು ಕಣ್ಣಿನಿಂದ ಐಗ್ಲಾಸ್ ತೆಗೆದು ಕೊಟ್ಟಳು. ಅದರ ಕುತ್ತಿಗೆಯಲ್ಲಿ ಒಂದು ದಾರದ ಗಂಟು ಉಳಿದಿತ್ತು, ಗಂಟಿನಲ್ಲಿ ಹರಿದ ಕೆಂಪು ಚೀಟಿಯ ಚೂರು.

ಅವನು ಅದನ್ನು ಗುರುತಿಸಿದ. ಆಗಸ್ಟಿನದು. ಇದು ನಿಮ್ಮ ಹತ್ತಿರ ಹೇಗೆ ಬಂತೆಂದು ಕೇಳಿದ. ವನಮಾಲಾಳಿಗೆ ಸಂಕೋಚವಾಯಿತು.

"ನಂದು ಬಿದ್ದು ಒಡೆದು ಹೋಗಿತ್ತು, ಸ್ಟೋರಿನವ್ರು ಇದನ್ನೇ ಕೊಟ್ರು," ಎಂದಳು. "ನೀವು ರಿಜೆಕ್ಟ್ ಮಾಡಿದ್ದು ಅಂತ ಹೇಳ್ಳಿಕ್ಕೆ ಹೆದ್ರಿಕೆ ಆಯ್ತು ಮುರುಗೆಪ್ಪಣ್ಣ. ಐದು ತಿಂಗಳಾಯ್ತು. ಅದು ಸರಿಯೇ ಉಂಟಲ್ಲ?"

ಮುರುಗೆಪ್ಪ ಅದನ್ನು ಕಣ್ಣಿಗಿಟ್ಟ. ನಡುವೆ ಎಣ್ಣೆ ಕೈಯಿಂದ ಮುಟ್ಟಿದಂಥ ಅದೇ ಮಬ್ಬು. ತೆಗೆದು ಅವಳ ಕೈಗೆ ಕೊಟ್ಟ. ಹೌದು, ಸರಿಯಾಗಿದೆ ಎಂದ. ಆ ಸಂಜೆ ಗಾಡಿಯಲ್ಲಿ, ನಿಂತಿದ್ದವರ ನಡುವೆ ಕೂತು, ಅವನು ಮಡಿಲ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದ. ಒಂದು ಕಣ್ಣು ಮುಚ್ಚಿ ನೋಡಲು ಒಂದು ಅಂಗೈ ಸಾಕಿತ್ತು. ಅವನು ಕೈ ಎತ್ತಲಿಲ್ಲ. ಕಣ್ಣು ಕೆಟ್ಟಿದ್ದರೆ ಮೇಜು ಹೋಗುತ್ತದೆ, ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿದೆ. ಅದನ್ನು ಹೇಗೋ ತಡೆದುಕೊಳ್ಳಬಹುದು. ಆದರೆ ಕಣ್ಣು ಆಗಸ್ಟಿನಿಂದಲೇ ಕೆಟ್ಟಿದ್ದರೆ, ನವೆಂಬರಿನ ವರದಿ ಯಾವ ಕಣ್ಣಿನದು? ಪರೀಕ್ಷೆಯ ಪಟ್ಟಿಯಲ್ಲಿ ಭಾನುವಾರ ಐರೋಲಿಯ ಖಾಡಿ ಎಂದಿತ್ತು. ಭಾನುವಾರ ನೋಡೋಣ ಎಂದು ಅವನು ತೀರ್ಮಾನಿಸಿದ.

ಐರೋಲಿಯಲ್ಲಿ ಊರು ಮುಗಿದು ಉಪ್ಪುನೀರಿನ ಕಾಂಡ್ಲಾ ಗಿಡಗಳು ಶುರುವಾಗುವಲ್ಲಿ ಮೀನುಗಾರರ ಒಂದು ಪುಟ್ಟ ಕಟ್ಟೆಯಿದೆ. ಭಾನುವಾರ ಗಂಡಹೆಂಡತಿ ಅಲ್ಲಿಗೆ ಹೋದಾಗ ಇಳಿತ ಮುಗಿಯುತ್ತ ಬಂದಿತ್ತು. ಸಮುದ್ರ ಒಳಚಾಚಿದ ಖಾಡಿಯ ಕೆಸರು ಹೊಸದಾಗಿ ಸಾರಿಸಿದ ನೆಲದಂತೆ ಹೊಳೆಯುತ್ತಿತ್ತು. ಆಚೆ ದಂಡೆಯ ಕಟ್ಟಡಗಳ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು. ಕೆಸರಿನ ದೂರದ ಅಂಚಿನಲ್ಲಿ ಒಂದು ಗುಲಾಬಿ ಗೆರೆ. ಅದು ಫ್ಲೆಮಿಂಗೊಗಳ ಗೆರೆ. ಭರತಿ ಏರಲಿ, ನೀರು ಅವನ್ನು ಈಚೆಗೆ ತಳ್ಳುತ್ತದೆ ಎಂದು ಬಲೆ ಬಿಡಿಸುತ್ತಿದ್ದವನೊಬ್ಬ ಮರಾಠಿಯಲ್ಲಿ ಹೇಳಿದ. ಅವರು ಕಟ್ಟೆಯ ಮೇಲೆ ಕಾದು ಕೂತರು. ಕಾಶವ್ವ ಹಕ್ಕಿಗಳನ್ನು ಎಣಿಸಲು ಹೊರಟು, ಎಪ್ಪತ್ತಕ್ಕೆ ಬಂದಾಗ ಸಾಲು ಕದಲಿ, ಮೊದಲಿನಿಂದ ಶುರುಮಾಡಿದಳು.

ನೀರು ಸದ್ದಿಲ್ಲದೆ ಬಂತು. ಗೆರೆ ದಪ್ಪವಾಯಿತು, ಆಮೇಲೆ ಬಿಡಿಬಿಡಿಯಾಗಿ ಕಾಲುಗಳಾದವು, ಕತ್ತುಗಳಾದವು. ತಲೆ ಕೆಳಗೆ ಮಾಡಿ ಕೆಸರನ್ನು ಸೋಸುತ್ತ, ಒಂದರ ಹಿಂದೆ ಒಂದು, ಅವು ಕಟ್ಟೆಯ ಕಡೆ ನಡೆದು ಬಂದವು. ಮುರುಗೆಪ್ಪ ಬಲಗಣ್ಣನ್ನು ಕಿಂಡಿಗಿಟ್ಟ. ಗುಲಾಬಿ ಹೊಗೆ. ಹೊಗೆಯ ಅಂಚಿನಲ್ಲಿ ಕೆಲವು ಕಾಲುಗಳು. ಹಾಗೆಯೇ ಒಂದು ಚಿತ್ರ ತೆಗೆದ. ಕ್ಯಾಮೆರಾ ಕೆಳಗಿಳಿಸಿ ಪುಸ್ತಕದಲ್ಲಿ ಬರೆದ. ಕೆಂಪು ದೀಪ ಮಿನುಗಿ ನಿಂತಿತು. ಅವನು ಇನ್ನೂ ಸ್ವಲ್ಪ ಹೊತ್ತು ಕೂತೇ ಇದ್ದ. ಕಾಶವ್ವ ಎಣಿಸುವುದನ್ನು ನಿಲ್ಲಿಸಿ ಅವನನ್ನು ನೋಡಿದಳು.

ಆಮೇಲೆ ಅವನು ಕ್ಯಾಮೆರಾವನ್ನು ಎತ್ತಿ ಎಡಗಣ್ಣಿಗೆ ಇಟ್ಟ. ಮೂಗು ಅಡ್ಡ ಬಂತು. ಮುಖ ಓರೆಮಾಡಿದ. ಮೊದಲು ಬರೀ ನೀರು, ನೀರಿನ ಮೇಲಿನ ಸಣ್ಣ ನಡುಕ. ಲೆನ್ಸು ಹಕ್ಕಿಯನ್ನು ಹುಡುಕಿ ನಿಂತಾಗ, ಕಿಂಡಿಯ ನಟ್ಟನಡುವೆ, ಒಂದು ಫ್ಲೆಮಿಂಗೊ ತಲೆ ಎತ್ತಿತು. ಬಾಗಿದ ಕೊಕ್ಕು, ಅದರ ಕಪ್ಪು ತುದಿಯಿಂದ ತೊಟ್ಟಿಕ್ಕುತ್ತಿದ್ದ ಕೆಸರಿನ ಹನಿ, ಸಾಸಿವೆಯಷ್ಟು ಕಣ್ಣು. ರೆಕ್ಕೆಯ ಮಡಿಕೆಯಲ್ಲಿ ಕುಂಕುಮದ ಬೆರಳು ಒರೆಸಿದಂಥ ಕೆಂಪು. ಅಷ್ಟು ಸ್ವಚ್ಛವಾದದ್ದನ್ನು ಅವನು ಬಹಳ ದಿನಗಳಿಂದ ನೋಡಿರಲಿಲ್ಲ. ಒತ್ತಲು ಮರೆತ. ಹಕ್ಕಿ ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತಿತು, ಅವನ ಎದುರಿನ ಜಾಗ ಖಾಲಿಯಾಯಿತು.

ಕ್ಯಾಮೆರಾ ಸರಿಯಾಗಿದೆ ಎಂದು ಅವನು ಹೆಂಡತಿಗೆ ಹೇಳಿದ. ಕೆಟ್ಟದ್ದು ತನ್ನ ಬಲಗಣ್ಣು ಎಂದ. ಐಗ್ಲಾಸಿನ ಕಥೆ, ಶಂಕ್ರೆಪ್ಪನ ಕಥೆ, ಎಲ್ಲವನ್ನೂ ಕಟ್ಟೆಯ ಮೇಲೆ ಕೂತೇ ಹೇಳಿ ಮುಗಿಸಿದ. ಕಾಶವ್ವನ ಮೊದಲ ಪ್ರಶ್ನೆ ಕಣ್ಣು ನೋಯುತ್ತಿದೆಯೇ ಎಂಬುದಾಗಿತ್ತು. ಇಲ್ಲವೆಂದ. ಹಾಗಾದರೆ ನಾಳೆ ಮೊದಲು ಡಾಕ್ಟರ ಹತ್ತಿರ ಹೋಗೋಣ ಎಂದಳು. ಮೊದಲು ಡ್ರಾಯರು ಎಂದು ಅವನು ಹೇಳಿದ.

ಸೋಮವಾರ ಎಲ್ಲರಿಗಿಂತ ಮುಂಚೆ ಕಾರ್ಖಾನೆಗೆ ಹೋಗಿ, ನಾಸಿಕದ ಲಾಟಿನ ಐದು ನಮೂನೆಗಳನ್ನು ಹೊರಗೆ ತೆಗೆದ. ಎಡಗಣ್ಣಿಗೆ ಐಗ್ಲಾಸ್ ಕಚ್ಚಿಸಿಕೊಳ್ಳಲು ಬಾರದೆ ಎರಡು ಸಲ ಕೆಳಗೆ ಬಿತ್ತು. ಮೂರನೆಯ ಸಲ ಬೆರಳಿಂದ ಒತ್ತಿ ಹಿಡಿದ. ಮೊದಲ ನಟ್ಟು ಸರಿಯಿತ್ತು. ಎರಡನೆಯದೂ. ಮೂರನೆಯದರ ತಿರುಪಿನ ಬುಡದಲ್ಲಿ, ಬೆಳಕನ್ನು ಓರೆಯಾಗಿ ಹಿಡಿದಾಗ, ಒಂದು ಕೂದಲು ಬಿದ್ದಿತ್ತು. ಅದು ಕೂದಲಲ್ಲ. ಡ್ರಾಯರು ಬಿಟ್ಟು ಎಲ್ಲಿಗೂ ಹೋಗದ, ಯಾವ ಪೆಟ್ಟಿಗೆಯೊಳಗೂ ಬಡಿದುಕೊಳ್ಳದ ನಟ್ಟು ಅದು. ಬಿರುಕು ಎರಕದ್ದೇ. ಅವನು ಏನೂ ಹೇಳದೆ ಐದನ್ನೂ ವನಮಾಲಾಳ ಮೇಜಿನ ಮೇಲಿಟ್ಟು, ತನ್ನ ಪುಸ್ತಕವನ್ನು ಮುಚ್ಚಿಟ್ಟುಕೊಂಡ. ಅವಳೂ ಮೂರನೆಯದನ್ನೇ ಎತ್ತಿ ಪಕ್ಕಕ್ಕಿಟ್ಟಳು.

ಅವನು ಹೊಸ ವರದಿ ಬರೆದ. ಬಿರುಕು ಎರಕದ ದೋಷ, ಪ್ಯಾಕಿಂಗಿನದಲ್ಲ. ತಪಾಸಣೆ ಮಾಡಿದವನ ಕಣ್ಣಿಗೆ ಕಾಣಲಿಲ್ಲ. ಆಗಸ್ಟಿನಿಂದ ಈಚೆಗೆ ಅವನು ಒಪ್ಪಿದ ಮಾಲಿನ ನಮೂನೆಗಳನ್ನು ಇನ್ನೊಬ್ಬರು ಓದಬೇಕು. ಮ್ಯಾನೇಜರು ಒಳ್ಳೆಯ ಮನುಷ್ಯ. ಕಣ್ಣಿನ ವಿಷಯ ಬರೆಯದೆಯೂ ಹೇಗಾದರೂ ಮಾಡೋಣ, ಇನ್ನೊಂದು ವರ್ಷದ ಪ್ರಶ್ನೆ ಎಂದರು. ಮುರುಗೆಪ್ಪ ಕಾಗದವನ್ನು ವಾಪಸು ತೆಗೆದುಕೊಳ್ಳಲಿಲ್ಲ. ಮೆಮೊ ಲಿಖಿತವಾಗಿ ಕೊಟ್ಟದ್ದು, ಲಿಖಿತವಾಗಿಯೇ ಹಿಂದಕ್ಕೆ ಹೋಗಬೇಕೆಂದು ಕೇಳಿದ. ಮಧ್ಯಾಹ್ನ ನಮೂನೆಗಳ ಡ್ರಾಯರಿನ ಹಿಡಿಗಳಿಗೆಲ್ಲ ಹಳದಿ ಚೀಟಿ ತೂಗಿದವು. ವನಮಾಲಾ ಆರು ದಿನ ಕೂತು ಎಲ್ಲವನ್ನೂ ನೋಡಿದಳು. ಇನ್ನೆರಡು ಲಾಟುಗಳನ್ನು ವಾಪಸು ತರಿಸಬೇಕಾಯಿತು.

ಶಂಕ್ರೆಪ್ಪನಿಗೆ ಕಾಗದ ಕೈಗೆ ಬರುವ ಮೊದಲೇ ತಾನು ಹೇಳಬೇಕೆಂದು ಮುರುಗೆಪ್ಪ ಮಂಗಳವಾರ ಬೆಳಿಗ್ಗೆ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಪಕ್ಕದ ಡಬ್ಬಿ ನಿಲ್ಲುವ ಜಾಗಕ್ಕೆ ಹೋಗಿ ನಿಂತ. ಶಂಕ್ರೆಪ್ಪ ಬಂದು, ಅವನನ್ನು ಕಂಡು, ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗಬೇಕೋ ಬೇಡವೋ ಎಂದು ನೋಡುತ್ತಿರುವಾಗಲೇ ಮುರುಗೆಪ್ಪ ಹೇಳಿಬಿಟ್ಟ. ತಪ್ಪು ತನ್ನದು, ಮೆಮೊ ಹಿಂದಕ್ಕೆ ಹೋಗುತ್ತದೆ, ಆದರೆ ಎರಡು ತಿಂಗಳು ಹಿಂದಕ್ಕೆ ಬರುವುದಿಲ್ಲ ಎಂದ. ಶಂಕ್ರೆಪ್ಪ ಹಳಿಗಳನ್ನೇ ನೋಡುತ್ತ ಕೇಳಿಸಿಕೊಂಡ.

"ನಾ ಕನಸಿನ್ಯಾಗೂ ಪೆಟ್ಟಿಗಿ ತುಂಬಾಕತ್ತಿದ್ನಿರಿ ಸಾಹೇಬ್ರ," ಎಂದ ಕೊನೆಗೆ. "ಎಷ್ಟ ಮೆತ್ತಿ ಹಾಕಿದ್ರೂ ಒಳಗ ಖಟ್ ಅಂತ ಸಪ್ಪಳ ಬರ್ತಿತ್ತು. ನಂದ ತಪ್ಪಿರಬೇಕಂತ ನಾನೂ ನಂಬಿಬಿಟ್ಟಿದ್ದೆ. ನೀವು ನೋಡಿ ಹೇಳಿದ್ದಲ್ಲೇನ್ರಿ ಮತ್ತ."

ಗಾಡಿ ಬಂತು. ಶಂಕ್ರೆಪ್ಪ ಹತ್ತಿದ. ಮುರುಗೆಪ್ಪ ತನ್ನ ಹಳೆಯ ಡಬ್ಬಿಗೆ ಹೋಗಿ ಕೂತ. ಬೈದಿದ್ದರೆ ಹಗುರಾಗುತ್ತಿತ್ತು ಎಂದು ಅವನಿಗೆ ರಬಾಳೆಯವರೆಗೂ ಅನ್ನಿಸುತ್ತಿತ್ತು. ಬುಧವಾರ, ಗುರುವಾರ ಎದುರಿನ ಜಾಗ ಖಾಲಿಯೇ ಇತ್ತು. ಮುಂದಿನ ಸೋಮವಾರ, ಗಾಡಿ ಇನ್ನೇನು ಹೊರಡಬೇಕು ಅನ್ನುವಾಗ, ಶಂಕ್ರೆಪ್ಪ ಬಂದು ಎದುರಿಗೆ ಕೂತ. ಐರೋಲಿ ದಾಟಿದ ಮೇಲೆ ಊಟದ ಡಬ್ಬಿ ತೆರೆದು ಹುರಿದ ಶೇಂಗಾ ಮುಂದೆ ಹಿಡಿದ. ಮುರುಗೆಪ್ಪ ನಾಲ್ಕು ಕಾಳು ತೆಗೆದುಕೊಂಡ.

ಡೊಂಬಿವಲಿಯ ಕಣ್ಣಿನ ಡಾಕ್ಟರು ಬಲಗಣ್ಣಿನಲ್ಲಿ ಪೊರೆ ಎಂದರು. ಹಿಂಬದಿಯಲ್ಲಿ, ನಟ್ಟನಡುವೆ ಕಟ್ಟುವ ಜಾತಿಯದು. ಅದಕ್ಕೇ ಬೆಳಕು ಹೆಚ್ಚಿದಷ್ಟೂ ಮಸುಕು. ಎರಡೂ ಕಣ್ಣು ತೆರೆದಿದ್ದಾಗ ಎಡಗಣ್ಣು ಬಲಗಣ್ಣಿನ ಕೆಲಸವನ್ನೂ ಮಾಡುತ್ತ ಬಂದಿದೆ, ಹಾಗಾಗಿ ಗೊತ್ತಾಗಿಲ್ಲ. ಮಾರ್ಚಿನಲ್ಲಿ ಆಪರೇಷನ್ ಎಂದು ನಿಗದಿಯಾಯಿತು. ಅಲ್ಲಿಯವರೆಗೆ ಕೊನೆಯ ಮೇಜು ವನಮಾಲಾಳದ್ದು. ಮುರುಗೆಪ್ಪನಿಗೆ ಕಾಗದಪತ್ರದ ಕೆಲಸ. ಮೊದಲ ದಿನ ಅವಳು ಆ ಕುರ್ಚಿಯಲ್ಲಿ ಕೂರಲು ಒಪ್ಪದೆ ನಿಂತೇ ಕೆಲಸ ಮಾಡಿದಳು. ಎರಡನೆಯ ದಿನ ಕಾಲು ನೋಯುತ್ತದೆಂದು ಕೂತಳು.

ಫೆಬ್ರವರಿಯ ಕೊನೆಯ ಭಾನುವಾರ ಕ್ಯಾಮೆರಾವನ್ನು ಮನೀಷನಿಗೆ ಒಪ್ಪಿಸುವುದಿತ್ತು. ಮುರುಗೆಪ್ಪ ಅದನ್ನು ಒರೆಸಿ ಚೀಲದಲ್ಲಿಟ್ಟು, ಪಟ್ಟಿಯಿಂದ ಹಳದಿ ಚೀಟಿ ಬಿಚ್ಚಿದ. ಮಕ್ಕಳಿಗೆಂದು ಒಂದು ಹಾಳೆಯಲ್ಲಿ ಬರೆದ: ಇದಕ್ಕೆ ಬೆಳಕು ಬೇಕು. ನಾಲ್ಕು ಚಿತ್ರದ ನಂತರ ಕಾಯಬೇಕು. ಕಾಯುವವರಿಗೆ ಗುಡ್ಡವೂ ಹಕ್ಕಿಯೂ ಚೆನ್ನಾಗಿ ಬರುತ್ತವೆ. ನೋಟುಬುಕ್ಕಿನಲ್ಲಿ ನೀಳಜೆಯ ಪುಟ ತೆರೆದು, ಓದಿದವರಿಗೆ ತರಬೇತಿ ಇಲ್ಲ ಎಂಬ ಸಾಲಿನ ಮೇಲೆ ಗೆರೆ ಎಳೆದ. ಆಮೇಲೆ ಹಸಿರು ಚೀಟಿ ತೆಗೆದು ತನ್ನ ಸಹಿ ಹಾಕಿ, ಅದರ ಕೆಳಗೆ ಎರಡನೇ ಓದು ಎಂದು ಬರೆದು, ಪೆನ್ನು ಮತ್ತು ಚೀಟಿಯನ್ನು ಅಡುಗೆಮನೆಗೆ ಒಯ್ದ.

ಕಾಶವ್ವ ಹಿಟ್ಟಿನ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಚೀಟಿಯನ್ನು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟುಕೊಂಡಳು.

"ಯಾವ ಕಣ್ಣಿಲೆ ನೋಡೀನಿ ಅಂತನೂ ಬರೀಬೇಕೇನ್ರಿ?" ಎಂದು ಕೇಳಿದಳು.

ಬೇಡ, ಹೆಸರು ಸಾಕು ಎಂದ ಮುರುಗೆಪ್ಪ. ಅವಳು ದುಂಡಗಿನ ಅಕ್ಷರಗಳಲ್ಲಿ, ಅವಸರವಿಲ್ಲದೆ, ಕಾಶವ್ವ ಎಂದು ಬರೆದಳು. ಅವನು ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಡಗಣ್ಣಿನಿಂದ ಒಮ್ಮೆ ಓದಿ, ಕ್ಯಾಮೆರಾದ ಪಟ್ಟಿಗೆ ಕಟ್ಟಿದ.